ಮರದ ಕುದುರೆಯ ಕಣ್ಣು

"ಅವಳಾ? ಅಂಟು ಕಲಸ್ತಾಳೆ, ಅಷ್ಟೇ. ಕಣ್ಣು ಬರೆಯೋದು ನಮ್ಮ ಮನೇಲಿ ಗಂಡಸರ ಕೆಲಸ" ಎಂದು ದೇವಸ್ಥಾನದ ಧರ್ಮದರ್ಶಿಗೆ ಹೇಳುತ್ತಲೇ ಅಣ್ಣ ಒಣ ಕುಂಚವನ್ನು ಕೈಗೆತ್ತಿಕೊಂಡ. ಬಾಗಿಲಲ್ಲಿ ನಿಂತಿದ್ದ ತಂಗಿಗೆ ಮೈಯೆಲ್ಲ ಉರಿದುಹೋಯಿತು.

ದೇವರನ್ನು ಹೊರುವ ಮರದ ಕುದುರೆಗೆ ಕಟ್ಟಕಡೆಗೆ ಬರೆಯುವುದು ಕಣ್ಣು. ಅಲ್ಲಿಯತನಕ ಅದು ಬರೀ ಮರ. ಅಪ್ಪ ಹೋದಾಗಿನಿಂದ ಆ ಕಣ್ಣು ಬರೆಯುತ್ತಿದ್ದವಳು ಅವಳೇ. ಪ್ರತಿ ವರ್ಷ ಉತ್ಸವದ ದಿನ ಬೆಳಿಗ್ಗೆ ಗುಟ್ಟಾಗಿ ಬರೆದು, ಮೇಲೊಂದು ಬಟ್ಟೆ ಇಳಿಬಿಡುವಳು. ಆಮೇಲೆ ಅಣ್ಣ ಎಲ್ಲರೆದುರು ಬಟ್ಟೆಯೊಳಗೆ ಒಣ ಕುಂಚ ತೂರಿಸಿ, ಬರೆದವನ ಹಾಗೆ ಆಡಿಸಿ, ಬಟ್ಟೆ ಸರಿಸಿ ಶಾಲು ಹೊದೆಸಿಕೊಳ್ಳುವನು. ಮನೆಯ ಮರ್ಯಾದೆ ಎಂದು ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಆದರೆ, ಅಂಟು ಕಲಸೋಳಂತೆ!

ದಡದಡನೆ ಒಳಗೆ ನುಗ್ಗಿ ಬಟ್ಟೆಯನ್ನು ಕಿತ್ತೆಸೆದಳು. ಇನ್ನೂ ಹಸಿಯಾಗಿದ್ದ ಎರಡು ಕಣ್ಣನ್ನೂ ಸೀಮೆಎಣ್ಣೆಯ ಚಿಂದಿಯಿಂದ ಒರೆಸಿ ಹಾಕಿದಳು. ಕಪ್ಪು ಬಣ್ಣದ ಬಟ್ಟಲನ್ನು ಅಣ್ಣನ ಅಂಗೈಗೆ ಕುಕ್ಕಿ, "ಬರಿ" ಎಂದಳು.

ಅಣ್ಣ ಕುಂಚ ಅದ್ದಿದ. ಕುದುರೆಯ ಬಿಳಿ ಗುಡ್ಡೆಯ ಮೇಲೆ ಅದನ್ನು ಅಡ್ಡಾದಿಡ್ಡಿ ಒತ್ತಿದ. ಬಣ್ಣ ಅದರ ಮೂತಿಯುದ್ದಕ್ಕೂ ಸೋರಿ ಇಳಿಯಿತು.

ಧರ್ಮದರ್ಶಿ ಕಂಗಾಲಾಗಿ ಅವಳ ಕಡೆ ತಿರುಗಿದರು. "ಇಷ್ಟು ವರ್ಷ ಬರೆದಿದ್ದು ನೀವಾ? ಹಾಗಾದ್ರೆ ನೀವೇ ಬರೀರಮ್ಮ, ಹೊತ್ತು ಮೀರ್ತಿದೆ."

"ನನಗೇನು ಗೊತ್ತು ಸ್ವಾಮಿ? ನಾನು ಅಂಟು ಕಲಸೋಳು" ಎಂದವಳೇ, ತಟ್ಟೆಯಲ್ಲಿ ಅಣ್ಣನಿಗಾಗಿ ಕಾದಿದ್ದ ಶಾಲಿನ ಮೇಲೆ ಚಿಂದಿಯನ್ನು ಬಿಸಾಡಿ ಹೊರಟುಹೋದಳು.