ಗರಡಿಗೆ ಯಾಕೆ ಹಾಸಿಗೆ?

ಜಯಶೀಲಾ ಅತ್ತಿತ್ತ ನೋಡಿ, ಸೆರಗನ್ನು ತಲೆಗೆಳೆದುಕೊಂಡು, ಹೊಸ ಗರಡಿಯ ಹಿಂಬಾಗಿಲಿನಿಂದ ಒಳಗೆ ನುಸುಳಿದಳು. ಹುಣಸೆಮರದ ಮರೆಯಲ್ಲಿ ನಿಂತಿದ್ದ ಅತ್ತೆ ಅಕ್ಕಯಮ್ಮ ಅದನ್ನು ಕಣ್ಣಾರೆ ಕಂಡಳು. ಹೊಲಿಗೆ ಕ್ಲಾಸಿಗೆ ಹೋಗುತ್ತೇನೆಂದು ಹೊರಟ ಸೊಸೆ!

ಆ ಕಟ್ಟಡ ಅಕ್ಕಯಮ್ಮನದೇ. ಹೊಲವೆಲ್ಲ ಜಯನಗರದ ಸೈಟುಗಳಾದ ಮೇಲೆ ಖಾಲಿ ಬಿದ್ದಿದ್ದ ದನದ ಕೊಟ್ಟಿಗೆ. ದಾವಣಗೆರೆಯಿಂದ ಬಂದ ಪೈಲ್ವಾನ ಶಂಭುಲಿಂಗಪ್ಪ ವ್ಯಾಯಾಮಶಾಲೆ ಮಾಡುತ್ತೇನೆಂದು ಬಾಡಿಗೆಗೆ ಹಿಡಿದಿದ್ದ. ನೆಲಕ್ಕೆ ಕೆಮ್ಮಣ್ಣು ಹಾಕಿಸಿದ. ಗದೆ, ಕಬ್ಬಿಣದ ಗುಂಡು ತರಿಸಿದ. ಅಲ್ಲಿಯವರೆಗೆ ಸರಿಯೇ. ಆಮೇಲೆ ಹಿಂದಿನ ಕೋಣೆಯ ಕಿಟಕಿಗೆ ದಪ್ಪ ಪರದೆ ಬಂತು. ನಾಲ್ಕು ನಾರಿನ ಹಾಸಿಗೆಗಳೂ ಬಂದವು.

"ಗರಡಿಗೆ ಹಾಸಿಗೆ ಯಾಕಪ್ಪಾ?" ಅಕ್ಕಯಮ್ಮ ಕೇಳಿಯೇಬಿಟ್ಟಿದ್ದಳು.

"ಬಿದ್ದೋರಿಗೆ ನೋವಾಗಬಾರದಲ್ಲಮ್ಮ," ಎಂದು ಅವನು ನಕ್ಕಿದ್ದ. ಪಕ್ಕದಲ್ಲಿದ್ದ ಅವನ ಹೆಂಡತಿ ಕಮಲಾದೇವಿ ತಲೆಯೆತ್ತಲಿಲ್ಲ. ಪಾಪ, ಅವಳಿಗೂ ಗೊತ್ತಿರಬೇಕು.

ಈಚೆಗೆ ಸೊಸೆ ಒಂದು ಮುದ್ದೆ ಹೆಚ್ಚಿಗೆ ಉಣ್ಣುತ್ತಿದ್ದಳು. ಮಣಿಕಟ್ಟಿನ ಮೇಲೆ ನೀಲಿ ಗುರುತು. ಕೇಳಿದರೆ, "ಬಾವಿ ಹಗ್ಗ ಸುತ್ಕೊಂಡ್ತು ಅತ್ತೆ," ಅಂದಿದ್ದಳು. ಹಗ್ಗಕ್ಕೆ ಐದು ಬೆರಳಿರುತ್ತವೆಯೇ?

ಮಗ ತಿಮ್ಮರಾಯಪ್ಪನಿಗೆ ಹೇಳುವಂತಿಲ್ಲ. ಕೊಂದೇಬಿಡುತ್ತಾನೆ. ಸತ್ತ ಅಪ್ಪನ ಸಿಟ್ಟು ಹಾಗೇ ಇಳಿದುಬಂದಿತ್ತು ಅವನಿಗೆ. ಆ ಸಿಟ್ಟು ಎಂಥದೆಂದು ಅಕ್ಕಯಮ್ಮನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಇವತ್ತು ತಾನೇ ಕೈಯಾರೆ ಹಿಡಿಯಬೇಕು.

ಬಾಗಿಲ ಹತ್ತಿರ ಹೋಗಿ ಕಿವಿಗೊಟ್ಟಳು. ಏದುಸಿರು. ಏನೋ ಧೊಪ್ಪನೆ ಬಿದ್ದ ಸದ್ದು. ಆಮೇಲೆ ಸೊಸೆಯ ದನಿ: "ಇನ್ನೂ ಗಟ್ಟಿಯಾಗಿ ಹಿಡ್ಕೊಳ್ಳಿ."

ಅಕ್ಕಯಮ್ಮ ಬಾಗಿಲನ್ನು ಒಂದಿಷ್ಟು ತಳ್ಳಿ ಇಣುಕಿದಳು.

ಶಂಭುಲಿಂಗಪ್ಪ ಅಲ್ಲಿರಲೇ ಇಲ್ಲ. ಸೀರೆಯನ್ನು ಕಚ್ಚೆ ಹಾಕಿ ಕಟ್ಟಿದ್ದ ಕಮಲಾದೇವಿ ಜಯಶೀಲಾಳ ತೋಳು ಹಿಡಿದು ಬೆನ್ನ ಹಿಂದಕ್ಕೆ ತಿರುಚುತ್ತಿದ್ದಳು.

"ನಿನ್ ಗಂಡ ಹಿಂಗೇ ತಾನೆ ಹಿಡಿಯೋದು? ಹೆದರಬೇಡ. ಸೊಂಟ ತಿರುಗಿಸು."

ಜಯಶೀಲಾ ಗಿರಕ್ಕನೆ ತಿರುಗಿದಳು. ಮರುಕ್ಷಣ ಕಮಲಾದೇವಿ ಹಾಸಿಗೆಯ ಮೇಲೆ ಅಂಗಾತ ಬಿದ್ದಿದ್ದಳು.

ಅಕ್ಕಯಮ್ಮ ಸದ್ದಾಗದಂತೆ ಬಾಗಿಲು ಮುಚ್ಚಿದಳು. ಮನೆ ಸೇರುವಷ್ಟರಲ್ಲಿ ತಿಮ್ಮರಾಯಪ್ಪ ಜಗಲಿಯ ಮೇಲೆ ಕಾಯುತ್ತಿದ್ದ. ಕಣ್ಣುಗಳು ಕೆಂಪಾಗಿದ್ದವು.

"ಎಲ್ಲವ್ವಾ ಹೋದ್ಲು ಅವಳು?"

"ನಾನೇ ಕಳಿಸಿದೀನಿ ಕಣೋ," ಅಂದಳು ಅಕ್ಕಯಮ್ಮ. "ನಾಳೆನೂ ಕಳಿಸ್ತೀನಿ."