ಪನ್ನೀರು ಗುಲಾಬಿಯ ಗುಲ್ಕಂದ್

ಹಿತ್ತಲಿನ ಪನ್ನೀರು ಗುಲಾಬಿಯನ್ನು ಗುಲ್ಕಂದಿಗೆಂದೇ ಬೆಳೆಸಿದ್ದರಿಂದ ಅದಕ್ಕೆ ಯಾರೂ ಔಷಧಿ ಹೊಡೆಯುತ್ತಿರಲಿಲ್ಲ. ಇಂದು ಎಸಳು ಬಿಡಿಸುತ್ತಿದ್ದ ಅವಳ ತಟ್ಟೆಗೆ ಸತ್ತ ಇರುವೆಗಳು ಉದುರಿದವು. ತಟ್ಟೆಯನ್ನು ಗಂಡನತ್ತ ಚಾಚಿದಳು.

"ರೀ, ಈ ಗಿಡಕ್ಕೂ ಔಷಧಿ ಹೊಡೆದ್ರಾ?"

"ತಿನ್ನೋ ಹೂವಿಗೆ ಯಾರಾದ್ರೂ ಹೊಡೀತಾರೇನೇ? ಇರುವೆ ಕಂಡ್ರೂ ಹೆದರ್ತೀಯಲ್ಲ!" ಗಂಡ ನಕ್ಕ.

"ಹಾಗಾದ್ರೆ ನಿಮಗೂ ಒಂದು ಬಾಟ್ಲಿ ತುಂಬಿಡ್ಲಾ?"

"ನಂಗೆ ಶುಗರ್ ಅಲ್ವೇನೇ, ಮರೆತ್ಯಾ? ನೀನು ತಿನ್ನು, ಮೈಗೆ ತಂಪು."

ಅದೂ ನಿಜವೇ. ತನ್ನ ಅನುಮಾನಕ್ಕೆ ತಾನೇ ನಾಚಿ ಅವಳು ಸಕ್ಕರೆ ಡಬ್ಬಿ ತೆಗೆದಳು.

ಗಂಡ ಬಾಗಿಲಲ್ಲಿ ತಿರುಗಿ ನಿಂತ. "ಪುಟ್ಟಿ ಸ್ಕೂಲಿಂದ ಬಂದು ಕೇಳ್ತಾಳೆ. ಅವಳಿಗೆ ಮಾತ್ರ ಕೊಡಬೇಡ, ಆಯ್ತಾ?"

"ಆಯ್ತು ರೀ" ಎಂದಳು. ಮಗಳನ್ನು ಶಾಲೆಯಿಂದಲೇ ಕರೆದುಕೊಂಡು ಅಣ್ಣನ ಮನೆಗೆ ಹೋಗಿಬಿಡಬೇಕೆಂದು ಮನಸ್ಸಿನಲ್ಲೇ ನಿಶ್ಚಯಿಸಿ, ಎಸಳಿನ ಮೇಲೆ ಸಕ್ಕರೆ ಸುರಿಯತೊಡಗಿದಳು.