ನನ್ನ ಮಂಡಿಗೂ ಒಂದು

ಅಂಗಿಗೆ ಕಾಜಾ ಹೊಲಿಯುವ ಅಕ್ಕ, ಗುಂಡಿ ಹಚ್ಚುವ ಹುಡುಗಿಯ ಮುಂದೆ ಕೈ ಚಾಚಿ ನಿಂತೇಬಿಟ್ಟಳು. "ಅದೇನ್ ಜಿಪುಣಿಯೇ ನೀನು! ದಿನಾ ಶಕ್ತಿ ಮಾತ್ರೆ ಒಬ್ಳೇ ನುಂಗ್ತೀಯ. ನನ್ ಮಂಡಿಗೂ ಒಂದು ಕೊಡೇ."

ಶಕ್ತಿ ಮಾತ್ರೆ ಎಂದು ಸುಳ್ಳು ಹೇಳಿದ್ದು ಹುಡುಗಿಯೇ. ಸದ್ದಾಗದಿರಲೆಂದು ಮಾತ್ರೆಯ ಡಬ್ಬಿಗೆ ಹತ್ತಿ ತುರುಕಿ, ಗುಂಡಿ ಡಬ್ಬಿಗಳ ನಡುವೆ ಬಚ್ಚಿಟ್ಟುಕೊಂಡಿದ್ದಳು. ನಿನ್ನೆ ಮಾಲೀಕ ಎದುರಿಗೇ ಕೂತಿದ್ದನೆಂದು ತೆಗೆದುಕೊಂಡಿರಲಿಲ್ಲ. ಇವತ್ತೂ ತಪ್ಪಿಸುವಂತಿರಲಿಲ್ಲ.

"ನಿಂಗೆ ಆಗ್ಬರಲ್ಲ ಅಕ್ಕಾ, ಉಷ್ಣ."

"ನಂಗಿಲ್ಲದ ಉಷ್ಣಾನಾ? ಇಸ್ತ್ರಿ ಪೆಟ್ಟಿಗೆ ಕಣೇ ನಾನು!" ಅಕ್ಕ ನಗುತ್ತಲೇ ಹುಡುಗಿಯ ಅಂಗೈಯಲ್ಲಿದ್ದ ಮಾತ್ರೆಯನ್ನು ಕಸಿದು ಬಾಯಿಯ ಹತ್ತಿರ ಒಯ್ದಳು.

ಹುಡುಗಿ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. "ಬೇಡ ಅಕ್ಕಾ. ಅದು ಎಚ್‌ಐವಿ ಮಾತ್ರೆ. ನಂಗಿದೆ."

ಅಕ್ಕನ ನಗು ಅಲ್ಲೇ ನಿಂತಿತು. ಮಾತ್ರೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಕೈಗೆ ಸಿಕ್ಕ ಬಟ್ಟೆಯ ಚೂರಿಗೆ ಬೆರಳು ಒರೆಸಿಕೊಂಡಳು. ಆಮೇಲೆ ಅವಳ ಕಣ್ಣು ಇಬ್ಬರೂ ಕುಡಿಯುತ್ತಿದ್ದ ನೀರಿನ ಬಾಟಲಿಯತ್ತ ಹೋಯಿತು.

ಹುಡುಗಿ ಅದನ್ನು ನೋಡಿದಳು. ಬಾಟಲಿಯನ್ನು ಮುಟ್ಟಲಿಲ್ಲ. ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು, ಗಂಟಲಿಗೆ ಅಂಟಿ ಅಂಟಿ ಇಳಿಯುತ್ತಿದ್ದರೂ ನೀರಿಲ್ಲದೆಯೇ ನುಂಗಿದಳು.